ವರ್ತಕರ ಸಂಘದ ಬೆಂಬಲ: ಅದು ಸಾಕ್ಷ್ಯವೇ, ವ್ಯಾಪಾರವೇ?

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 85ನೆಯ ಸೂಕ್ತವು ನಾವು ಸಾಮಾನ್ಯವಾಗಿ ಲಘುವಾಗಿ ಕಾಣುವ ಒಂದು ಹೊಣೆಯನ್ನು ನೆನಪಿಸುತ್ತದೆ. ಒಳಿತಿಗಾಗಿ ಶಿಫಾರಸು ಮಾಡಿದವನಿಗೆ ಆ ಒಳಿತಿನಲ್ಲಿ ಪಾಲಿದೆ, ಕೆಡುಕಿಗಾಗಿ ಶಿಫಾರಸು ಮಾಡಿದವನಿಗೆ ಆ ಕೆಡುಕಿನ ಹೊರೆಯಲ್ಲಿಯೂ ಪಾಲಿದೆ ಎಂಬುದು ಅದರ ಸಾರಾಂಶ. ಒಬ್ಬರ ಪರವಾಗಿ ಒಂದು ಮಾತು ಆಡಿದರೆ ನಮ್ಮ ಗಂಟೇನು ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಆ ಮಾತು ಗಾಳಿಯಲ್ಲಿ ಕರಗುವುದಿಲ್ಲ. ಅದು ನಮ್ಮ ಲೆಕ್ಕದ ಪುಸ್ತಕದಲ್ಲಿ ಬರೆಯಲ್ಪಡುತ್ತದೆ.

ಪ್ರಿಯ ಓದುಗರೇ, ಚುನಾವಣೆ ಬಂತೆಂದರೆ ನಮ್ಮ ಊರುಗಳಲ್ಲಿ ಶಿಫಾರಸಿನ ಸುಗ್ಗಿ ಆರಂಭವಾಗುತ್ತದೆ. ತುಮಕೂರಿನ ಮಂಡಿಪೇಟೆಯಿರಲಿ, ಗುಬ್ಬಿಯ ಅಡಿಕೆ ತೆಂಗಿನ ವ್ಯಾಪಾರವಿರಲಿ, ಕುಣಿಗಲ್ಲಿನ ಸಂತೆಬೀದಿಯಿರಲಿ, ಅಲ್ಲಿ ದುಡಿಯುವವರಿಗೆಲ್ಲ ಒಂದಲ್ಲ ಒಂದು ಸಂಘವಿರುತ್ತದೆ: ವರ್ತಕರ ಸಂಘ, ಹೋಟೆಲ್ ಮಾಲೀಕರ ಸಂಘ, ಲಾರಿ ಮಾಲೀಕರ ಸಂಘ, ಬೀದಿಬದಿ ವ್ಯಾಪಾರಿಗಳ ಸಂಘ. ವಿಧಾನಸಭೆಯ ಚುನಾವಣೆಯಾಗಲಿ, ಮಹಾನಗರ ಪಾಲಿಕೆಯ ಅಥವಾ ಪಟ್ಟಣದ ಚುನಾವಣೆಯಾಗಲಿ, ಇಂತಹ ಸಂಘಗಳ ಬಾಗಿಲಿಗೆ ಅಭ್ಯರ್ಥಿಗಳು ಬರುತ್ತಾರೆ. ಸಂಘದ ಬೆಂಬಲ ತಮಗೆ ಬೇಕೆನ್ನುತ್ತಾರೆ. ಸಭೆ ಸೇರುತ್ತದೆ, ಹಾರ ಬೀಳುತ್ತದೆ, ಕರಪತ್ರ ಅಚ್ಚಾಗುತ್ತದೆ. ಮರುದಿನ ಯಾರೋ ಒಬ್ಬರು ನಮ್ಮ ಅಂಗಡಿಯ ಮುಂದೆ ನಿಂತು, "ಭಾಯ್, ಸಂಘದಲ್ಲಿ ತೀರ್ಮಾನವಾಗಿದೆ. ನಿಮ್ಮ ಮನೆಯ ಐದು ಓಟೂ ಅಲ್ಲಿಗೇ ಬೀಳಬೇಕು" ಎನ್ನುತ್ತಾರೆ.

ಆಗ ಒಬ್ಬ ವಿಶ್ವಾಸಿಯು ಏನು ಮಾಡಬೇಕು? ಸಂಘದ ಮಾತನ್ನು ಮೀರಿದರೆ ನಾಳೆ ಸಂಘ ನಮ್ಮ ಕೈಬಿಡುತ್ತದೆ. ಒಪ್ಪಿದರೆ ಮನಸ್ಸಾಕ್ಷಿ ಚುಚ್ಚುತ್ತದೆ. ಈ ಇಕ್ಕಟ್ಟು ಸಣ್ಣದಲ್ಲ. ಅದನ್ನು ಇಂದು ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ಇದು ಹೊಸ ವಿಷಯವೇ?

ವರ್ತಕರಿಗೂ ಆಡಳಿತಕ್ಕೂ ಇರುವ ನಂಟು ನಮ್ಮ ನಾಡಿನಲ್ಲಿ ಬಹಳ ಹಳೆಯದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಅದರ ಮೊದಲ ಸಭೆಗೆ ಕರೆಯಲ್ಪಟ್ಟ 144 ಮಂದಿ ಭೂಮಾಲೀಕರು ಮತ್ತು ವರ್ತಕರಾಗಿದ್ದರು. ಅಂದರೆ ಪ್ರಜೆಗಳ ಪರವಾಗಿ ಅರಮನೆಯ ಮುಂದೆ ಮಾತಾಡುವ ಹಕ್ಕು ಮೊದಲು ದೊರೆತದ್ದು ಜಮೀನು ಇದ್ದವರಿಗೆ ಮತ್ತು ಅಂಗಡಿ ಇದ್ದವರಿಗೆ. ಕೂಲಿಯವನಿಗೆ ಅಲ್ಲಿ ಜಾಗವಿರಲಿಲ್ಲ, ಹೆಂಗಸರಿಗೂ ಇರಲಿಲ್ಲ. ಮುಂದೆ 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಮೂಲ ಅದೇ. ಬ್ರಿಟಿಷ್ ಆಳ್ವಿಕೆಯ ಪ್ರಾಂತ್ಯಗಳಲ್ಲಂತೂ 1935ರ ಕಾಯ್ದೆಯ ಪ್ರಕಾರ ವಾಣಿಜ್ಯ ಮತ್ತು ಕೈಗಾರಿಕೆಗೆಂದೇ ಶಾಸನಸಭೆಗಳಲ್ಲಿ ಪ್ರತ್ಯೇಕ ಸ್ಥಾನಗಳಿದ್ದವು.

1950ರ ಸಂವಿಧಾನವು ಈ ಬಾಗಿಲನ್ನು ಮುಚ್ಚಿತು. ವಯಸ್ಕರೆಲ್ಲರಿಗೂ ಒಂದೊಂದು ಮತ, ಎಲ್ಲ ಮತಗಳಿಗೂ ಒಂದೇ ಬೆಲೆ. ವಿಧಾನ ಪರಿಷತ್ತಿನಲ್ಲಿ ಪದವೀಧರರಿಗೂ ಶಿಕ್ಷಕರಿಗೂ ಸ್ಥಳೀಯ ಸಂಸ್ಥೆಗಳಿಗೂ ಕ್ಷೇತ್ರಗಳಿವೆ. ಆದರೆ ವರ್ತಕರಿಗೆಂದು ವಿಧಾನಸಭೆಯಲ್ಲಾಗಲಿ ಪರಿಷತ್ತಿನಲ್ಲಾಗಲಿ ಒಂದು ಕ್ಷೇತ್ರವೂ ಇಲ್ಲ. ವ್ಯಾಪಾರಿಯು ವ್ಯಾಪಾರಿಯಾಗಿಯೇ ಮತ ಹಾಕುವ ಒಂದು ಕಡೆ ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತು, ಅದು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ. 1966ರ ರಾಜ್ಯ ಕಾಯ್ದೆಯಂತೆ ರಚಿತವಾಗುವ ಆ ಸಮಿತಿಯಲ್ಲಿ ರೈತ ಪ್ರತಿನಿಧಿಗಳೇ ಹೆಚ್ಚು, ಅವರ ಜೊತೆಗೆ ವರ್ತಕರಿಗೂ ಕಮಿಷನ್ ಏಜೆಂಟರಿಗೂ ತಮ್ಮ ಪ್ರತಿನಿಧಿಯನ್ನು ಆರಿಸುವ ಹಕ್ಕಿದೆ. ಅಲ್ಲಿ ಮಂಡಿಯವರು ತಮ್ಮ ಕಸುಬಿನ ಹಿತ ನೋಡಿ ಮತ ನೀಡಿದರೆ ತಪ್ಪಿಲ್ಲ, ಆ ಸ್ಥಾನ ಇರುವುದೇ ಅದಕ್ಕೆ.

ಆದರೆ ಪಾಲಿಕೆಯ ವಾರ್ಡು ಹಾಗಲ್ಲ. ತುಮಕೂರು ಮಹಾನಗರ ಪಾಲಿಕೆಯ 35 ವಾರ್ಡುಗಳಲ್ಲಿ ಯಾವುದೂ ವರ್ತಕರ ವಾರ್ಡಲ್ಲ. ಅದೇ ಬೀದಿಯಲ್ಲಿ ಅಂಗಡಿಯವನಿದ್ದಾನೆ, ಅವನಲ್ಲಿ ಮೂಟೆ ಹೊರುವ ಹಮಾಲಿಯಿದ್ದಾನೆ, ಬೀಡಿ ಕಟ್ಟಿ ಮಕ್ಕಳನ್ನು ಸಾಕುವ ತಾಯಿಯಿದ್ದಾಳೆ, ಪೌರಕಾರ್ಮಿಕನಿದ್ದಾನೆ. ಅಲ್ಲಿ ಗೆದ್ದವನು ಇವರೆಲ್ಲರ ನೀರು, ಚರಂಡಿ, ದೀಪ, ರಸ್ತೆಗೆ ಹೊಣೆಗಾರ. ಆದ್ದರಿಂದ ಅಂತಹ ಚುನಾವಣೆಯಲ್ಲಿ ಒಂದು ಸಂಘವು ಬೆಂಬಲ ಸೂಚಿಸಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ನಾವು ಊರಿಗಾಗಿ ಮಾತಾಡುತ್ತಿದ್ದೇವೆಯೇ, ಅಥವಾ ಊರಿನ ಹೆಸರಿನಲ್ಲಿ ನಮ್ಮ ಗಲ್ಲಾಪೆಟ್ಟಿಗೆಗಾಗಿ ಮಾತಾಡುತ್ತಿದ್ದೇವೆಯೇ?

ಬೆಂಗಳೂರಿನ ಒಂದು ಉದಾಹರಣೆ

ಬಹಿರಂಗವಾಗಿ ಬೆಂಬಲ ಘೋಷಿಸುವ ಪದ್ಧತಿಗೆ ನಮ್ಮ ರಾಜ್ಯದಲ್ಲಿಯೇ ಒಂದು ಉದಾಹರಣೆಯಿದೆ. 2013ರಲ್ಲಿ ಬೆಂಗಳೂರಿನ ಕೆಲವು ಉದ್ಯಮಿಗಳು ಮತ್ತು ಗಣ್ಯರು ಸೇರಿ 'ಬಿ.ಪ್ಯಾಕ್' ಎಂಬ ಸಂಸ್ಥೆಯನ್ನು ಕಟ್ಟಿದರು. ಬಯೋಕಾನ್ ಸಂಸ್ಥೆಯ ಕಿರಣ್ ಮಜುಂದಾರ್ ಷಾ ಮತ್ತು ಇನ್ಫೋಸಿಸ್‌ನಲ್ಲಿ ಹಿಂದೆ ಉನ್ನತ ಹುದ್ದೆಯಲ್ಲಿದ್ದ ಟಿ.ವಿ. ಮೋಹನ್‌ದಾಸ್ ಪೈ ಅದರ ಮುಂಚೂಣಿಯಲ್ಲಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಈ ಸಂಸ್ಥೆ ಒಂದೇ ಪಕ್ಷಕ್ಕೆ ಅಂಟಿಕೊಳ್ಳದೆ, ಬೇರೆ ಬೇರೆ ಪಕ್ಷಗಳ ಅಭ್ಯರ್ಥಿಗಳನ್ನು ಆಯ್ದು, ಅವರ ಹೆಸರುಗಳನ್ನು ಪತ್ರಿಕೆಗಳ ಮೂಲಕ ಪ್ರಕಟಿಸಿ ಬೆಂಬಲ ಕೋರಿತು. ಅವರಲ್ಲಿ ಕೆಲವರು ಗೆದ್ದರು, ಕೆಲವರು ಸೋತರು.

ಇಂತಹ ಪದ್ಧತಿ ಅಮೆರಿಕದಲ್ಲಿ ಬಹುಕಾಲದಿಂದ ಬೇರೂರಿದೆ. ಅಲ್ಲಿಯ ಎಷ್ಟೋ ನಗರಗಳಲ್ಲಿ ವಾಣಿಜ್ಯ ಮಂಡಳಿಗಳು ಅಭ್ಯರ್ಥಿಗಳನ್ನು ಕರೆಸಿ ಪ್ರಶ್ನೆ ಕೇಳುತ್ತವೆ, ಆಮೇಲೆ ತಮಗೆ ಸರಿಕಂಡವರ ಹೆಸರನ್ನು ಘೋಷಿಸುತ್ತವೆ. ಹಣ ಸಂಗ್ರಹಿಸಿ ಪ್ರಚಾರಕ್ಕೆ ಒದಗಿಸುವ ಪ್ರತ್ಯೇಕ ಸಮಿತಿಗಳೂ ಅಲ್ಲಿವೆ. 2010ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಕಂಪನಿಗಳು ಮತ್ತು ಕಾರ್ಮಿಕ ಸಂಘಗಳು ಸ್ವತಂತ್ರವಾಗಿ ಚುನಾವಣಾ ಪ್ರಚಾರಕ್ಕೆ ಮಾಡುವ ವೆಚ್ಚಕ್ಕೆ ಮಿತಿ ಹಾಕಲಾಗದೆಂದು ತೀರ್ಪು ನೀಡಿತು. ಅಂದಿನಿಂದ ಹಣದ ಹೊಳೆ ಇನ್ನಷ್ಟು ಉಕ್ಕಿ ಹರಿಯಿತೆಂದು ಅಲ್ಲಿಯ ಅನೇಕರು ಇಂದಿಗೂ ಕೊರಗುತ್ತಾರೆ.

ಈ ಪದ್ಧತಿಯಲ್ಲಿ ಒಂದು ಒಳ್ಳೆಯ ಅಂಶವಿದೆ, ಒಂದು ಅಪಾಯವಿದೆ. ಎಲ್ಲವೂ ಹತ್ತು ಜನರ ಕಣ್ಣೆದುರು ನಡೆಯುವುದು ಒಳ್ಳೆಯ ಅಂಶ. ಯಾರು ಯಾರನ್ನು ಬೆಂಬಲಿಸಿದರು, ಏಕೆ ಬೆಂಬಲಿಸಿದರು ಎಂಬುದು ಎಲ್ಲರಿಗೂ ತಿಳಿಯುತ್ತದೆ. ಅಪಾಯವೆಂದರೆ, ಶ್ರೀಮಂತರ ಮಾತು ದೊಡ್ಡದಾಗಿ ಕೇಳಿಸಿ ಬಡವರ ಮಾತು ಅದರಡಿ ಅಡಗಿಹೋಗಬಹುದು. ನಮ್ಮ ಸಣ್ಣ ಊರುಗಳಲ್ಲಿ ಅಪಾಯ ಮಾತ್ರ ಇದ್ದು ಒಳ್ಳೆಯ ಅಂಶ ಇಲ್ಲದಂತಾಗುವುದು ಸುಲಭ. ಇಲ್ಲಿ ಬೆಂಬಲದ ಕಾರಣ ಕರಪತ್ರದಲ್ಲಿ ಒಂದು, ಒಳಕೋಣೆಯಲ್ಲಿ ಇನ್ನೊಂದು ಇರಬಹುದು.

ಮತವೆಂದರೆ ಏನು?

ಭಾರತ ಉಪಖಂಡದ ಪ್ರಸಿದ್ಧ ವಿದ್ವಾಂಸರಾಗಿದ್ದ ಮುಫ್ತಿ ಮುಹಮ್ಮದ್ ಶಫೀ ಅವರು ಮತದಾನದ ಬಗ್ಗೆ ವಿವರಿಸುತ್ತಾ ಅದಕ್ಕೆ ಮೂರು ಮುಖಗಳಿವೆ ಎಂದಿದ್ದಾರೆ. ಒಂದು, ಅದು ಶಹಾದತ್, ಅಂದರೆ ಸಾಕ್ಷ್ಯ. ಈ ವ್ಯಕ್ತಿ ಈ ಕೆಲಸಕ್ಕೆ ಅರ್ಹನು, ಪ್ರಾಮಾಣಿಕನು ಎಂದು ನಾವು ಸಾಕ್ಷಿ ನುಡಿಯುತ್ತೇವೆ. ಎರಡು, ಅದು ಶಫಾಅತ್, ಅಂದರೆ ಶಿಫಾರಸು. ಮೂರು, ಅದು ವಕಾಲತ್, ಅಂದರೆ ನಮ್ಮ ಪರವಾಗಿ ವರ್ತಿಸುವ ಅಧಿಕಾರವನ್ನು ಒಬ್ಬನಿಗೆ ವಹಿಸಿಕೊಡುವುದು. ಆದರೆ ಸ್ವಂತ ವಿಷಯದ ವಕಾಲತ್ತಿನಲ್ಲಿ ನಷ್ಟವಾದರೆ ಅದು ನಮಗೆ ಮಾತ್ರ. ಮತದ ವಕಾಲತ್ತಿನಲ್ಲಿ ನಷ್ಟ ಇಡೀ ಊರಿಗೆ.

ಈಗ ಯೋಚಿಸಿರಿ. ಒಬ್ಬ ಸಾಮಾನ್ಯ ಮನುಷ್ಯನ ಮತವೇ ಇಷ್ಟು ತೂಕದ ಸಾಕ್ಷ್ಯವಾದರೆ, ಇನ್ನೂರು ಅಂಗಡಿಗಳ ಸಂಘವು ತನ್ನ ಮೊಹರು ಒತ್ತಿ ಪ್ರಕಟಿಸುವ ಬೆಂಬಲ ಎಷ್ಟು ತೂಕದ್ದಾಗಬೇಕು! ಅದನ್ನು ನಂಬಿ ಎಷ್ಟೋ ಜನ ಮತ ಹಾಕುತ್ತಾರೆ. ವ್ಯಾಪಾರಸ್ಥರು ಹತ್ತು ಊರು ಕಂಡವರು, ತಿಳಿದೇ ಹೇಳುತ್ತಾರೆ ಎಂಬ ಭರವಸೆ ಜನರಿಗಿರುತ್ತದೆ. ಆ ಭರವಸೆ ಒಂದು ಅಮಾನತ್.

ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಹೋಗುತ್ತಿದ್ದಾಗ ಒಂದು ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದರು. ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು (ಮುಸ್ಲಿಮ್). ಅಡಿಕೆ, ಕೊಬ್ಬರಿ, ರಾಗಿ ವ್ಯಾಪಾರ ಮಾಡುವ ನಮಗೆ ಈ ಹದೀಸ್ ವಿವರಿಸಬೇಕಾಗಿಲ್ಲ. ಮೂಟೆಯ ಬಾಯಲ್ಲಿ ಒಳ್ಳೆಯ ಮಾಲು, ತಳದಲ್ಲಿ ಕಸ ತುಂಬಿದರೆ ಅದು ಮೋಸವೆಂದು ಮಗುವಿಗೂ ಗೊತ್ತು. ಅಭ್ಯರ್ಥಿಯ ವಿಷಯದಲ್ಲಿಯೂ ಹಾಗೆಯೇ. ಕರಪತ್ರದ ಮೇಲೆ 'ಅಭಿವೃದ್ಧಿಯ ಹರಿಕಾರ' ಎಂದು ಬರೆದು, ಅವನ ಬಗ್ಗೆ ನಮಗೆ ಗೊತ್ತಿರುವ ಕೊಳೆಯನ್ನು ತಳದಲ್ಲಿ ಮುಚ್ಚಿಟ್ಟರೆ ಅದೂ ನೆನೆದ ಧಾನ್ಯದ ವ್ಯಾಪಾರವೇ. ಸಾಕ್ಷ್ಯವನ್ನು ಬಚ್ಚಿಡಬಾರದೆಂದು ಕುರ್‌ಆನ್ (2:283) ಆಜ್ಞಾಪಿಸಿರುವುದನ್ನು ಮರೆಯಬಾರದು.

ನಾಲ್ಕು ಒರೆಗಲ್ಲುಗಳು

ಹಾಗಾದರೆ ಸಂಘವು ಯಾರನ್ನೂ ಬೆಂಬಲಿಸಲೇಬಾರದೇ? ಹಾಗೇನಿಲ್ಲ. ಯೋಗ್ಯನ ಪರವಾಗಿ ಸಾಕ್ಷಿ ನುಡಿಯುವುದು ಪುಣ್ಯಕಾರ್ಯ. ಆದರೆ ಆ ಬೆಂಬಲವನ್ನು ನಾಲ್ಕು ಒರೆಗಲ್ಲುಗಳ ಮೇಲೆ ತಿಕ್ಕಿ ನೋಡಬೇಕು.

ಮೊದಲನೆಯದು, ಅರಿವು. ಅಭ್ಯರ್ಥಿಯ ಬಗ್ಗೆ ನಿಜವಾಗಿ ತಿಳಿದು ಹೇಳುತ್ತಿದ್ದೇವೆಯೇ? ಸುದ್ದಿ ಬಂದಾಗ ಪರಿಶೀಲಿಸಿರೆಂದು ಅಲ್ ಹುಜುರಾತ್ ಅಧ್ಯಾಯ (49:6) ಬೋಧಿಸುತ್ತದೆ. ವಿಧಾನಸಭಾ ಅಭ್ಯರ್ಥಿಯು ನಾಮಪತ್ರದ ಜೊತೆ ತನ್ನ ಆಸ್ತಿ, ಸಾಲ, ವಿದ್ಯಾರ್ಹತೆ ಮತ್ತು ತನ್ನ ಮೇಲಿನ ಕ್ರಿಮಿನಲ್ ಪ್ರಕರಣಗಳ ಪ್ರಮಾಣಪತ್ರ ಸಲ್ಲಿಸಬೇಕು. ಇದು ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳಿಂದ ಮತದಾರನಿಗೆ ದೊರೆತ ಹಕ್ಕು. ಹತ್ತು ರೂಪಾಯಿಯ ಮಾಲಿಗೂ ಮಾದರಿ ನೋಡುವ ನಾವು ಐದು ವರ್ಷ ಆಳುವವನ ಪ್ರಮಾಣಪತ್ರವನ್ನು ಓದದೆ ಹಾರ ಹಾಕಬಹುದೇ?

ಎರಡನೆಯದು, ನ್ಯಾಯ. ನಿಮ್ಮ ವಿರುದ್ಧವೇ ಆದರೂ, ತಂದೆ ತಾಯಿ ಬಂಧುಗಳ ವಿರುದ್ಧವೇ ಆದರೂ ಅಲ್ಲಾಹನಿಗಾಗಿ ನ್ಯಾಯದ ಸಾಕ್ಷಿಗಳಾಗಿರಿ ಎಂಬುದು ಕುರ್‌ಆನಿನ ಬೋಧನೆ (4:135). ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂದೂ ಅದು ಹೇಳುತ್ತದೆ (5:8). ಈತ ನಮ್ಮ ಪೈಕಿಯವನು ಎಂಬ ಒಂದೇ ಕಾರಣಕ್ಕೆ ಬೆಂಬಲಿಸುವುದು ನ್ಯಾಯವಲ್ಲ. ಈತ ನಮ್ಮವನಲ್ಲ ಎಂಬ ಕಾರಣಕ್ಕೆ ಯೋಗ್ಯನನ್ನು ತಿರಸ್ಕರಿಸುವುದೂ ನ್ಯಾಯವಲ್ಲ. ಅಮಾನತ್ತನ್ನು ಅರ್ಹರಿಗೆ ಒಪ್ಪಿಸಿರಿ ಎಂಬ ಆಜ್ಞೆಯಲ್ಲಿ (4:58) ಜಾತಿಯ ಹೆಸರೂ ಇಲ್ಲ, ಕಸುಬಿನ ಹೆಸರೂ ಇಲ್ಲ.

ಮೂರನೆಯದು, ಉದ್ದೇಶ. ಅಂತ್ಯದಿನದಲ್ಲಿ ಅಲ್ಲಾಹನು ಮೂರು ಬಗೆಯ ಜನರೊಡನೆ ಮಾತಾಡುವುದಿಲ್ಲ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅವರಲ್ಲೊಬ್ಬನು ಕೇವಲ ಲೌಕಿಕ ಲಾಭಕ್ಕಾಗಿ ನಾಯಕನಿಗೆ ನಿಷ್ಠೆಯ ಪ್ರತಿಜ್ಞೆ ಮಾಡುವವನು: ಕೊಟ್ಟರೆ ಸಂತುಷ್ಟ, ಕೊಡದಿದ್ದರೆ ಮಾತು ಮುರಿಯುವವನು (ಬುಖಾರಿ, ಮುಸ್ಲಿಮ್). ಮಳಿಗೆ ಹಂಚಿಕೆಯಲ್ಲಿ ನಮಗೆ ಪಾಲು ಕೊಡಿ, ನಮ್ಮ ಬಾಡಿಗೆ ಬಾಕಿಯನ್ನು ಕೇಳಬೇಡಿ, ಪೈಪೋಟಿಯವನಿಗೆ ಪರವಾನಗಿ ಕೊಡಬೇಡಿ, ಆಗ ಸಂಘದ ಬೆಂಬಲ ನಿಮಗೆ ಎನ್ನುವ ಒಪ್ಪಂದವು ಈ ಹದೀಸಿನ ನೆರಳಿನಲ್ಲಿ ನಿಂತಿದೆ. ಮಾರುಕಟ್ಟೆಗೆ ಬೆಳಕು ಬೇಕು, ಶೌಚಾಲಯ ಬೇಕು, ಲಾರಿ ನಿಲ್ಲಿಸಲು ಜಾಗ ಬೇಕು ಎಂದು ಬಹಿರಂಗವಾಗಿ ಕೇಳುವುದು ಬೇರೆ. ಅದು ಎಲ್ಲರಿಗೂ ಉಪಯೋಗವಾಗುವ ಬೇಡಿಕೆ. ಯಾವುದನ್ನು ಸಭೆಯಲ್ಲಿ ಗಟ್ಟಿಯಾಗಿ ಹೇಳಲು ನಾಚಿಕೆಯಾಗುತ್ತದೆಯೋ ಅದನ್ನು ಒಳಕೋಣೆಯಲ್ಲಿಯೂ ಕೇಳಬಾರದು.

ನಾಲ್ಕನೆಯದು, ಸ್ವಾತಂತ್ರ್ಯ. ಸಂಘದ ಅಧ್ಯಕ್ಷನು ತನ್ನ ಸಾಕ್ಷ್ಯವನ್ನು ಹೇಳಬಹುದು. ಇನ್ನೊಬ್ಬನ ಸಾಕ್ಷ್ಯವನ್ನು ಅವನು ಹೇಗೆ ಹೇಳುತ್ತಾನೆ? ನ್ಯಾಯಾಲಯದಲ್ಲಿ, ನನ್ನ ಕೆಲಸಗಾರನ ಪರವಾಗಿ ನಾನೇ ಪ್ರಮಾಣ ಮಾಡಿ ಸಾಕ್ಷಿ ನುಡಿಯುತ್ತೇನೆ ಎಂದರೆ ನ್ಯಾಯಾಧೀಶರು ಒಪ್ಪುವರೇ? ಅಂತೆಯೇ ಸದಸ್ಯರ ಮತವನ್ನು, ಅವರ ಹೆಂಡತಿ ಮಕ್ಕಳ ಮತವನ್ನು, ಹಮಾಲಿಯ ಮತವನ್ನು, ಬೀಡಿ ಕಟ್ಟುವ ಹೆಂಗಸಿನ ಮತವನ್ನು ಒಟ್ಟುಮಾಡಿ ಗಂಟುಕಟ್ಟಿ ಅಭ್ಯರ್ಥಿಯ ಕೈಗೆ ಕೊಡುವ ಅಧಿಕಾರ ಯಾವ ಸಂಘಕ್ಕೂ ಇಲ್ಲ. ಎಲೆ ಮತ್ತು ತಂಬಾಕು ಕೊಡುವವನು ಓಟು ಎಲ್ಲಿಗೆಂದೂ ಹೇಳಿದರೆ, ಆ ತಾಯಿಗೆ 'ಆಗಲಿ' ಎನ್ನದೆ ದಾರಿಯಿರುವುದಿಲ್ಲ. ಅದು ಸಮ್ಮತಿಯಲ್ಲ, ಹೊಟ್ಟೆಯ ಹೆದರಿಕೆ.

ಉಡುಗೊರೆಯ ಮಾತು

ಈಗ ಹಣದ ವಿಷಯಕ್ಕೆ ಬರೋಣ. ಇಬ್ನುಲ್ಲುತ್ಬಿಯ್ಯ ಎಂಬವರನ್ನು ಪ್ರವಾದಿವರ್ಯರು(ಸ) ಝಕಾತ್ ಸಂಗ್ರಹಕ್ಕೆ ಕಳುಹಿಸಿದ್ದರು. ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಉಡುಗೊರೆ ಎಂದು ಅವರು ಲೆಕ್ಕ ಒಪ್ಪಿಸಿದರು. ಆಗ ಪ್ರವಾದಿವರ್ಯರು(ಸ) ಜನರನ್ನುದ್ದೇಶಿಸಿ, ಆತ ತಂದೆ ತಾಯಿಯ ಮನೆಯಲ್ಲಿಯೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರಶ್ನಿಸಿದರು (ಬುಖಾರಿ, ಮುಸ್ಲಿಮ್).

ಈ ಪ್ರಶ್ನೆಯನ್ನು ಎರಡೂ ಕಡೆಗೆ ಕೇಳಬಹುದು. ಸಂಘದ ಮುಖಂಡನಿಗೆ ಬಂದ ಉಡುಗೊರೆ, ಅವನು ಸಂಘದ ಮುಖಂಡನಲ್ಲದಿದ್ದರೆ ಬರುತ್ತಿತ್ತೇ? ನಾವು ಅಭ್ಯರ್ಥಿಗೆ ಕೊಡುವ 'ದೇಣಿಗೆ', ಅವನ ಕೈಯಲ್ಲಿ ನಮ್ಮ ಪರವಾನಗಿ ಇಲ್ಲದಿದ್ದರೆ ಕೊಡುತ್ತಿದ್ದೆವೇ? ಉತ್ತರ ಇಲ್ಲವೆಂದಾದರೆ ಅದಕ್ಕೆ ದೇಣಿಗೆಯ ಹೆಸರು ಸಲ್ಲದು. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿವರ್ಯರು(ಸ) ಶಪಿಸಿರುವುದು (ಅಬೂದಾವೂದ್, ತಿರ್ಮಿದಿ) ಎಲ್ಲರಿಗೂ ತಿಳಿದ ವಿಷಯ.

ದೊಡ್ಡವರ ಮಟ್ಟದಲ್ಲಿ ಇದೇ ಪ್ರಶ್ನೆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂತು. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆಯಲ್ಲಿ, ಕಂಪನಿಗಳು ಪಕ್ಷಗಳಿಗೆ ಕೊಡುವ ಹಣದ ಮೂಲ ಮತದಾರನಿಗೆ ಗೊತ್ತಾಗುತ್ತಿರಲಿಲ್ಲ. ಕಂಪನಿಯೊಂದು ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 7.5ಕ್ಕಿಂತ ಹೆಚ್ಚು ಕೊಡಬಾರದೆಂಬ ಹಳೆಯ ಮಿತಿಯನ್ನೂ 2017ರಲ್ಲಿ ತೆಗೆದುಹಾಕಲಾಗಿತ್ತು. 2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠವು ಆ ಯೋಜನೆಯನ್ನೂ, ಮಿತಿ ತೆಗೆದ ತಿದ್ದುಪಡಿಯನ್ನೂ ರದ್ದುಪಡಿಸಿತು. ಹಣ ಕೊಟ್ಟವನು ಯಾರೆಂದು ತಿಳಿಯುವುದು ಮತದಾರನ ಹಕ್ಕು ಎಂಬುದು ಅದರ ತಿರುಳು. ಕೋಟಿಗಳ ವಿಷಯದಲ್ಲಿ ಸರಿಯಾದದ್ದು ಸಾವಿರಗಳ ವಿಷಯದಲ್ಲಿ ತಪ್ಪಾಗದು. ಕುಣಿಗಲ್ಲಿನ ಒಂದು ಸಣ್ಣ ಸಂಘ ಸದಸ್ಯರಿಂದ ವಂತಿಗೆ ಎತ್ತಿ ಒಬ್ಬನ ಪ್ರಚಾರಕ್ಕೆ ಕೊಟ್ಟರೆ, ಕೊಟ್ಟವರಿಗೂ ಊರಿಗೂ ಅದರ ಲೆಕ್ಕ ತಿಳಿಯಬೇಕು.

ನಾಡಿನ ಕಾನೂನು

ಒಪ್ಪಂದಗಳನ್ನು ಪಾಲಿಸುವುದು ವಿಶ್ವಾಸಿಯ ಲಕ್ಷಣ. ನಾವು ಬದುಕುವ ನಾಡಿನ ಕಾನೂನೂ ಒಂದು ಒಪ್ಪಂದವೇ. ಆದ್ದರಿಂದ ಕೆಲವು ಅಂಶಗಳನ್ನು ಪ್ರತಿಯೊಬ್ಬ ವ್ಯಾಪಾರಿ ತಿಳಿದಿರಬೇಕು.

1951ರ ಜನಪ್ರತಿನಿಧಿ ಕಾಯ್ದೆಯ 123ನೆಯ ವಿಧಿಯು ಲಂಚವನ್ನೂ ಅನುಚಿತ ಒತ್ತಡವನ್ನೂ ಚುನಾವಣಾ ಭ್ರಷ್ಟಾಚಾರವೆಂದು ಪರಿಗಣಿಸುತ್ತದೆ. ಸಾಮಾಜಿಕ ಬಹಿಷ್ಕಾರದ ಬೆದರಿಕೆಯೂ ಈ ಒತ್ತಡದಲ್ಲಿ ಸೇರಿದೆ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದೂ ಅದೇ ವಿಧಿಯಡಿ ಬರುತ್ತದೆ. ಅಭ್ಯರ್ಥಿಯ ಧರ್ಮ ಜಾತಿಗಳನ್ನು ಮಾತ್ರವಲ್ಲ, ಮತದಾರನ ಧರ್ಮ ಜಾತಿಗಳನ್ನು ಮುಂದಿಟ್ಟು ಕೇಳಿದರೂ ತಪ್ಪೆಂದು 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪಿತ್ತಿತು. ಅದೇ ಕಾಯ್ದೆಯ 127ಎ ವಿಧಿಯಂತೆ ಚುನಾವಣಾ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಅಭ್ಯರ್ಥಿಯ ಅನುಮತಿಯಿಲ್ಲದೆ ಅವನ ಪರವಾಗಿ ಸಭೆ, ಜಾಹೀರಾತು, ಕರಪತ್ರಗಳಿಗೆ ಖರ್ಚು ಮಾಡುವುದು ದಂಡನಾರ್ಹ. ಅನುಮತಿ ಪಡೆದು ಮಾಡಿದರೆ ಆ ಖರ್ಚು ಅವನ ಚುನಾವಣಾ ವೆಚ್ಚದ ಲೆಕ್ಕಕ್ಕೆ ಸೇರಬೇಕು. ಅಂದರೆ ಸಂಘವು ಪ್ರೀತಿಯಿಂದ ಅಚ್ಚುಹಾಕಿಸಿದ ಒಂದು ಸಾವಿರ ಕರಪತ್ರಕ್ಕೂ ಕಾನೂನಿನಲ್ಲಿ ಲೆಕ್ಕವಿದೆ.

ಅಂಗಡಿ ಮಾಲೀಕರು ನೆನಪಿಡಬೇಕಾದ ಇನ್ನೊಂದು ವಿಧಿ 135ಬಿ. ಮತದಾನದ ದಿನ ಕೆಲಸಗಾರರಿಗೆ ಸಂಬಳ ಕಡಿತವಿಲ್ಲದೆ ರಜೆ ಕೊಡಬೇಕೆಂದು ಅದು ಹೇಳುತ್ತದೆ. ಯಾರಿಗೆ ಓಟು ಹಾಕಬೇಕೆಂದು ಕೆಲಸಗಾರನಿಗೆ ಉಪದೇಶಿಸುವ ಮೊದಲು, ಓಟು ಹಾಕಲು ಅವನಿಗೆ ರಜೆ ಕೊಟ್ಟಿದ್ದೇವೆಯೇ ಎಂದು ನೋಡಿಕೊಳ್ಳೋಣ.

ಮಸೀದಿಯ ಅಂಗಳದಲ್ಲಿ ಬೇಡ

ನಮ್ಮ ಊರುಗಳಲ್ಲಿ ವ್ಯಾಪಾರಿಗಳೇ ಜಮಾಅತಿನ ಪದಾಧಿಕಾರಿಗಳೂ ಆಗಿರುವುದು ಸಾಮಾನ್ಯ. ಹಾಗಾಗಿ ಅಂಗಡಿ ಸಂಘದ ತೀರ್ಮಾನ ಮೆಲ್ಲನೆ ಮಸೀದಿಯ ಅಂಗಳಕ್ಕೆ ಬಂದು ಕೂರುವ ಸಂಭವವಿದೆ. ಶುಕ್ರವಾರದ ನಮಾಝಿನ ಬಳಿಕ ಬಾಗಿಲಲ್ಲಿ ಕರಪತ್ರ, ಮೈಕಿನಲ್ಲಿ ಒಂದು 'ಸೂಚನೆ', ಅಭ್ಯರ್ಥಿಗೆ ಅಲ್ಲಿಯೇ ಸನ್ಮಾನ. ಧಾರ್ಮಿಕ ಸಂಸ್ಥೆಗಳ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದೆಂದು 1988ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ ಇದು ಮಸೀದಿಯ ಗೌರವಕ್ಕೆ ಕುಂದು. ಅಲ್ಲಾಹನ ಭವನದಲ್ಲಿ ಕೇಳಿದ ಮಾತು ದೀನಿನ ಮಾತೆಂದು ಸಾಮಾನ್ಯ ಜನ ನಂಬುತ್ತಾರೆ. ಮಂಡಿಯ ಲೆಕ್ಕಾಚಾರಕ್ಕೆ ಮಿಂಬರಿನ ಗೌರವವನ್ನು ಬಳಸಿದರೆ ಅದು ಆ ನಂಬಿಕೆಗೆ ಬಗೆದ ದ್ರೋಹ. ಮತದಾನ ಮಾಡಿರಿ, ಹಣಕ್ಕೆ ಮಾರಿಕೊಳ್ಳಬೇಡಿ, ಯೋಗ್ಯರನ್ನು ಆರಿಸಿರಿ ಎಂದು ಬೋಧಿಸುವುದು ಬೇರೆ, ಇಂಥವನಿಗೇ ಹಾಕಿರಿ ಎನ್ನುವುದು ಬೇರೆ.

ನಮಾಝಿಗೂ ವ್ಯಾಪಾರಕ್ಕೂ ಏನು ಸಂಬಂಧ?

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು ಹೇಳಬಹುದು: "ಮೌಲಾನಾ, ಇದೆಲ್ಲ ಕಿತಾಬಿನ ಮಾತು. ಪಾಲಿಕೆಯಲ್ಲಿ ಕೆಲಸವಾಗಬೇಕಾದರೆ ನಮಗೂ ಒಬ್ಬ ನಮ್ಮವನು ಬೇಕು." ಈ ಮಾತೂ ಹೊಸದಲ್ಲ. ಪ್ರವಾದಿ ಶುಐಬ್(ಅ) ಮದ್‌ಯನಿನ ವರ್ತಕರಿಗೆ ಅಳತೆ ತೂಕದಲ್ಲಿ ಮೋಸ ಬೇಡವೆಂದಾಗ, ನಮ್ಮ ಸಂಪತ್ತನ್ನು ನಮಗೆ ಬೇಕಾದಂತೆ ಬಳಸಬಾರದೆಂದು ನಿನ್ನ ನಮಾಝ್ ನಿನಗೆ ಆಜ್ಞಾಪಿಸುತ್ತದೆಯೇ ಎಂದು ಅವರು ಗೇಲಿ ಮಾಡಿದರು (11:87). ಆ ಜನಾಂಗದ ಗತಿ ಏನಾಯಿತೆಂಬುದನ್ನು ಅದೇ ಅಧ್ಯಾಯ ತಿಳಿಸುತ್ತದೆ.

ಆದರೂ ಸಣ್ಣ ಅಂಗಡಿಯವನ ಹೆದರಿಕೆಯನ್ನು ನಾವು ತಳ್ಳಿಹಾಕಬಾರದು. ಪರವಾನಗಿ ನವೀಕರಣ, ಫುಟ್‌ಪಾತಿನ ತಕರಾರು, ಹಬ್ಬದ ದಿನಗಳ ಬಂದೋಬಸ್ತು, ಕೆಲವೊಮ್ಮೆ ನಮ್ಮ ಜನರಿಂದ ಕೊಳ್ಳಬೇಡಿ ಎಂಬ ಕರೆಗಳು: ಇವುಗಳೆದುರು ಒಂಟಿ ವ್ಯಾಪಾರಿ ದುರ್ಬಲ. ಸಂಘ ಅವನಿಗೆ ಆಸರೆ. ಆದ್ದರಿಂದ ಸಂಘವನ್ನು ಬಿಡಿರಿ ಎಂದು ನಾವು ಹೇಳುವುದಿಲ್ಲ, ಸಂಘವನ್ನು ನೇರ್ಪಡಿಸಿರಿ ಎನ್ನುತ್ತೇವೆ. ಒಳಕೋಣೆಯ ಒಪ್ಪಂದದಿಂದ ಬಂದ ರಕ್ಷಣೆ ಮುಂದಿನ ಚುನಾವಣೆಯವರೆಗೆ ಮಾತ್ರ, ಅದೂ ನಮ್ಮವನು ಗೆದ್ದರೆ ಮಾತ್ರ. ಸೋತರೆ ಇಡೀ ಸಂಘ ಗೆದ್ದವನ ಎದುರಾಳಿಯಾಗಿ ಎಣಿಸಲ್ಪಡುತ್ತದೆ. ನ್ಯಾಯದ ಬೇಡಿಕೆಗಾದರೆ ಯಾರು ಗೆದ್ದರೂ ಬೆಲೆಯಿದೆ.

ಹಾಗಾದರೆ ಸಂಘದಲ್ಲಿರುವ ನಮ್ಮ ಸೋದರರು ಏನು ಮಾಡಬಹುದು? ಊರಿನ ಮತ್ತು ಮಾರುಕಟ್ಟೆಯ ಬೇಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲ ಅಭ್ಯರ್ಥಿಗಳಿಗೂ ಅದೇ ಹಾಳೆಯನ್ನು ಕೊಡಿರಿ. ಎಲ್ಲರನ್ನೂ ಒಂದೇ ವೇದಿಕೆಗೆ ಕರೆದು ಸಾರ್ವಜನಿಕರ ಎದುರು ಉತ್ತರ ಕೇಳಿರಿ. ಹಮಾಲಿಗಳನ್ನೂ ಗ್ರಾಹಕರನ್ನೂ ಅಲ್ಲಿ ಕೂರಿಸಿರಿ. ಸಂಘವು ಬೆಂಬಲ ಸೂಚಿಸಲೇಬೇಕೆಂದಿದ್ದರೆ ಸರ್ವಸದಸ್ಯರ ಸಭೆಯಲ್ಲಿ ಚರ್ಚಿಸಿ, ಕಾರಣಗಳನ್ನು ಬರೆದು ಪ್ರಕಟಿಸಿರಿ, ಒಪ್ಪದ ಸದಸ್ಯರ ಮೇಲೆ ಯಾವ ಕ್ರಮವೂ ಇಲ್ಲವೆಂದು ಸ್ಪಷ್ಟವಾಗಿ ನಮೂದಿಸಿರಿ. ಗೆದ್ದ ಮೇಲೆ ಹಾರ ಹಾಕುವುದಕ್ಕಿಂತ, ವರ್ಷಕ್ಕೊಮ್ಮೆ ಆ ಹಾಳೆಯನ್ನು ಮುಂದಿಟ್ಟು ಲೆಕ್ಕ ಕೇಳುವುದು ಮೇಲು.

ಸದಸ್ಯನಾದ ನೀವು ಒಂಟಿಯಾಗಿದ್ದರೆ? ಸಭೆಯಲ್ಲಿ ವಿನಯದಿಂದ ನಿಮ್ಮ ಭಿನ್ನಾಭಿಪ್ರಾಯ ತಿಳಿಸಿರಿ. ಮನೆಗೆ ಬಂದು ಓಟು ಕೇಳಿದವರಿಗೆ, "ಸಂಘದ ಕೆಲಸಕ್ಕೆ ಕರೆದಾಗ ಬರುತ್ತೇನೆ. ಓಟು ನನ್ನ ಮತ್ತು ನನ್ನ ರಬ್ಬಿನ ನಡುವಿನ ಅಮಾನತ್. ನನ್ನ ಮನೆಯವರ ಓಟು ಅವರವರ ಅಮಾನತ್" ಎಂದು ಹೇಳಿರಿ. ಸುಳ್ಳು ಭಾಷೆ ಕೊಡಬೇಡಿ. ಮತದಾನದ ಗುಟ್ಟನ್ನು ಕಾನೂನೇ ಕಾಪಾಡುತ್ತದೆ.

ಮನೆಯಲ್ಲಿ ಕುಳಿತು ಚರ್ಚಿಸಲು

ಈ ಪಾಠವನ್ನು ಓದಿದ ಬಳಿಕ ಮನೆಮಂದಿಯೆಲ್ಲ ಸೇರಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿರಿ.

1. ಬೆಂಬಲದ ಕರಪತ್ರಕ್ಕೆ ಸಹಿ ಹಾಕುವುದಕ್ಕೂ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವುದಕ್ಕೂ ಇರುವ ಹೋಲಿಕೆಯೇನು?

2. ಮಾರುಕಟ್ಟೆಗೆ ದೀಪ ಕೇಳುವುದಕ್ಕೂ ನಮಗೊಂದು ಮಳಿಗೆ ಕೇಳುವುದಕ್ಕೂ ವ್ಯತ್ಯಾಸವೇನು?

3. ನಮ್ಮ ಮನೆಯಲ್ಲಿ ಹೆಂಗಸರು ತಮ್ಮ ಮತವನ್ನು ತಾವೇ ನಿರ್ಧರಿಸುತ್ತಾರೆಯೇ, ಅಥವಾ ಗಂಡಸರು ನಿರ್ಧರಿಸಿ ತಿಳಿಸುತ್ತಾರೆಯೇ?

4. ನಮ್ಮ ಅಂಗಡಿಯ ಕೆಲಸಗಾರ ನಮಗೆ ಇಷ್ಟವಿಲ್ಲದವನಿಗೆ ಮತ ಹಾಕಿದನೆಂದು ತಿಳಿದರೆ ನಾವು ಅವನೊಡನೆ ಹೇಗೆ ನಡೆದುಕೊಳ್ಳುತ್ತೇವೆ?

ನಾಲ್ಕನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿರಿ. ಏಕೆಂದರೆ ಸಂಘ ನಮ್ಮ ಮೇಲೆ ಒತ್ತಡ ಹೇರಿದಾಗ ನಮಗೆ ನೋವಾಗುತ್ತದೆ. ನಮ್ಮ ಕೈಕೆಳಗಿನವರ ಮೇಲೆ ನಾವು ಅದೇ ಒತ್ತಡ ಹೇರಿದಾಗ ನಮಗೆ ಅದು ಗೊತ್ತೇ ಆಗುವುದಿಲ್ಲ.

ಸತ್ಯವಂತನೂ ಪ್ರಾಮಾಣಿಕನೂ ಆದ ವ್ಯಾಪಾರಿಯು ಪ್ರವಾದಿಗಳು, ಸತ್ಯಸಂಧರು ಮತ್ತು ಹುತಾತ್ಮರ ಜೊತೆಗಿರುವನೆಂದು ಪ್ರವಾದಿವರ್ಯರು(ಸ) ಶುಭವಾರ್ತೆ ನೀಡಿದ್ದಾರೆ (ತಿರ್ಮಿದಿ). ಆ ಸತ್ಯ ತಕ್ಕಡಿಯಲ್ಲಿ ಮಾತ್ರ ಇದ್ದರೆ ಸಾಲದು, ಸಂಘದ ಸಭೆಯಲ್ಲಿಯೂ ಇರಬೇಕು, ಮತಯಂತ್ರದ ಮುಂದೆಯೂ ಇರಬೇಕು. ನಮ್ಮ ಸಾಕ್ಷ್ಯವನ್ನು ಮಾರಾಟದ ವಸ್ತುವಾಗಿಸದೆ, ಅದನ್ನು ಅರ್ಹರಿಗೆ ಒಪ್ಪಿಸುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.